ಬ್ರೇಕ್ ಮೇಷ್ಟ್ರ ಉಪ್ಪುನೀರ ಸಂಸಾರ

ನಮ್ಮ ಬೀದಿಯ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಅದು ಬ್ರೇಕ್ ಮೇಷ್ಟ್ರ ಬಲಗಾಲಿನಿಂದಲೇ ಶುರುವಾಗಬೇಕು. ಆ ಕಾಲಿನ ಪ್ರತಾಪ ಅಂಥದ್ದು. ಒಮ್ಮೆ ಅವರು ಸಿನಿಮಾ ನೋಡುತ್ತಿದ್ದಾಗ ಪರದೆಯ ಮೇಲೆ ರೈಲೊಂದು ಎದುರಿಗೆ ನುಗ್ಗಿ ಬಂತಂತೆ. ಮೇಷ್ಟ್ರು ಬಲಗಾಲನ್ನು ನೆಲಕ್ಕೆ ಒತ್ತಿದರಂತೆ. ಕರೆಂಟು ಹೋಗಿ ರೈಲು ಅಲ್ಲೇ ನಿಂತಿತಂತೆ. ಇನ್ನೊಮ್ಮೆ ಆಸ್ಪತ್ರೆಯ ಲಿಫ್ಟಿನಲ್ಲಿ ಇಳಿಯುವಾಗ ವೇಗ ಸ್ವಲ್ಪ ಜಾಸ್ತಿಯಾಯಿತೆಂದು ಒತ್ತಿದರು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗಿದ್ದ ಏಳು ಜನ ಮುಕ್ಕಾಲು ಗಂಟೆ ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದರು. ಹೆಂಡತಿ ದನಿ ಏರಿಸಿದಾಗಲೂ ಸೋಫಾದ ಕೆಳಗೆ ಆ ಕಾಲು ತಾನಾಗಿಯೇ ಒತ್ತುತ್ತದೆ. ಅಲ್ಲಿ ಮಾತ್ರ ಬ್ರೇಕು ಹಿಡಿದ ದಾಖಲೆ ಇಲ್ಲ.

ಕಾರಣ ಇಷ್ಟೇ. ಮೇಷ್ಟ್ರು ಇಪ್ಪತ್ತೆರಡು ವರ್ಷಗಳಿಂದ ಕಾರು ಕಲಿಸುತ್ತಿದ್ದಾರೆ. ಕಲಿಯುವವರ ಕೈಯಲ್ಲಿ ಸ್ಟೇರಿಂಗು, ಮೇಷ್ಟ್ರ ಕಾಲಡಿಯಲ್ಲಿ ಒಂದು ಹೆಚ್ಚುವರಿ ಬ್ರೇಕು. ಕಸದ ಲಾರಿ, ಕಾಂಪೌಂಡು ಗೋಡೆ, ಒಮ್ಮೆಯಂತೂ ಸಾಕ್ಷಾತ್ ಪರೀಕ್ಷಾಧಿಕಾರಿ, ಹೀಗೆ ಎದುರಿಗೆ ಬಂದವರನ್ನೆಲ್ಲ ಆ ಕಾಲು ಕಾಪಾಡಿದೆ. ಆದರೆ ಮೇಷ್ಟ್ರ ಎದೆಯನ್ನು ಕಾಪಾಡುವವರು ಯಾರು? ರಕ್ತದೊತ್ತಡ ನೋಡಿದ ಡಾಕ್ಟರು ಯಂತ್ರ ಕೆಟ್ಟಿದೆಯೆಂದುಕೊಂಡು ಇನ್ನೊಂದನ್ನು ತರಿಸಿದರು. ಅದೂ ಅಷ್ಟೇ ತೋರಿಸಿತು.

"ದಿನಾ ಅರ್ಧ ಗಂಟೆ, ನಿಧಾನವಾಗಿ ಚಲಿಸೋದು ಏನನ್ನಾದ್ರೂ ಕೂತು ನೋಡಿ" ಎಂದರು ಡಾಕ್ಟರು.

ಮೇಷ್ಟ್ರು ಮೊದಲು ಲೈಸೆನ್ಸ್ ಕಚೇರಿಯ ಗುಮಾಸ್ತರನ್ನು ನೋಡುತ್ತ ಕುಳಿತರು. ಒತ್ತಡ ಇನ್ನೂ ಏರಿತು. ಆಮೇಲೆ ಮೀನು ತಂದರು.

ತಂದದ್ದು ಎಲ್ಲರೂ ತರುವಂಥ ಮೀನಲ್ಲ. ಹಾಲ್‌ನಲ್ಲಿದ್ದ ಶೋಕೇಸನ್ನು ಹೊರಗೆ ಹಾಕಿ, ನಾಲ್ಕಡಿ ಉದ್ದದ, ಇನ್ನೂರು ಲೀಟರಿನ ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಸಮುದ್ರವನ್ನೇ ತಂದು ಕೂರಿಸಿದರು. ಉಪ್ಪು ಬೆರೆಸಿದ ನೀರು, ಕಲ್ಲು, ಕಲ್ಲಿನ ಮೇಲೆ ಹೂವಿನಂತೆ ಅರಳುವ ಹವಳ. ಯಾವುದೇ ಸಂಕೇತ ಕೊಡದೆ ಅಡ್ಡಡ್ಡ ನುಗ್ಗುವ ಹಳದಿ ಮೀನಿಗೆ ಆಟೋ ಎಂದು ಹೆಸರಾಯಿತು. ಒಂದೇ ಜಾಗದಲ್ಲಿ ಹಿಂದೆ ಮುಂದೆ ತುಯ್ದಾಡುವ ಕಿತ್ತಳೆ ಬಣ್ಣದ ಜೋಡಿ ಎಲ್-ಬೋರ್ಡುಗಳು. ಕಲ್ಲಿನ ಮೂಲೆಯಲ್ಲಿ ನಿಂತು ಉದ್ದ ಮೀಸೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಿದ್ದ ಕೆಂಪು ಪಟ್ಟೆಯ ಸೀಗಡಿಗೆ ಬೇರೆ ಯಾವ ಹೆಸರೂ ಸಾಧ್ಯವಿರಲಿಲ್ಲ: ಪೊಲೀಸ್.

ಆಟೋ ಗಾಜಿನ ಕಡೆ ನುಗ್ಗಿದಾಗೆಲ್ಲ ಮೇಷ್ಟ್ರ ಬಲಗಾಲು ಒತ್ತುತ್ತಿತ್ತು. ಆಟೋ ಗಾಜಿಗೆ ತಾಗದೆ ತಿರುಗುತ್ತಿತ್ತು. ಯಾರ ಬ್ರೇಕಿನಿಂದ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಆರು ತಿಂಗಳಲ್ಲಿ ಡಾಕ್ಟರು ಮಾತ್ರೆ ಅರ್ಧ ಮಾಡಿದರು, ವರ್ಷದಲ್ಲಿ ನಿಲ್ಲಿಸಿದರು. ಮೇಷ್ಟ್ರು ಮನೆಯವರಿಗೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ಈ ತೊಟ್ಟಿ ಹೋದ ದಿನ ಡ್ರೈವಿಂಗ್ ಸ್ಕೂಲಿಗೂ ಬೀಗ. ಇದಿಲ್ದೆ ಆ ಸೀಟಲ್ಲಿ ನಾನು ಒಂದು ದಿನ ಕೂರೋನಲ್ಲ."

ಈ ಸಂಸಾರ ತೂಗಿಸುವುದು ಸುಲಭವಿರಲಿಲ್ಲ. ಮೊದಲ ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನವೂ ಅರ್ಧ ಬೆರಳು ಇಳಿಯುತ್ತಿತ್ತು. ಮೇಷ್ಟ್ರು ನಿಷ್ಠೆಯಿಂದ ಉಪ್ಪುನೀರು ಬೆರೆಸಿ ತುಂಬಿಸುತ್ತಿದ್ದರು. ಮೂರು ವಾರಕ್ಕೆ ಹವಳಗಳು ಒಣದ್ರಾಕ್ಷಿಯಂತೆ ಮುದುಡಿದವು. ಮೀನಂಗಡಿಯವನು ಬಂದು, ಒಂದು ಕೊಳವೆಯಲ್ಲಿ ನೀರು ಹಿಡಿದು ನೋಡಿ, ಹಣೆ ಚಚ್ಚಿಕೊಂಡ.

"ಮೇಷ್ಟ್ರೇ, ಆವಿಯಾಗೋದು ನೀರು. ಉಪ್ಪೆಲ್ಲಿಗೆ ಹೋಗುತ್ತೆ? ಅದು ಒಳಗೇ ಕೂತಿರುತ್ತಲ್ವಾ? ನೀವು ಮೇಲಿಂದ ಮೇಲೆ ಉಪ್ಪು ಸುರೀತಿದೀರಿ. ಇಳಿದಷ್ಟಕ್ಕೆ ಸಿಹಿನೀರು ಹಾಕಿ, ಸಿಹಿನೀರು!"

ಮೀನಂಗಡಿಯವನ ಪ್ರಪಂಚದಲ್ಲಿ ಇರುವುದು ಎರಡೇ ಜಾತಿ: ಉಪ್ಪುನೀರು, ಸಿಹಿನೀರು. ಅಂದಿನಿಂದ ಮೇಷ್ಟ್ರ ಬಾಯಲ್ಲೂ ಫಿಲ್ಟರಿನ ಮಾಮೂಲಿ ನೀರಿಗೆ ಸಿಹಿನೀರು ಎಂಬುದೇ ಹೆಸರಾಯಿತು. ಬೆಳಿಗ್ಗೆ ಒಂದು ಲೀಟರು, ಸಂಜೆ ಒಂದು ಲೀಟರು. ಹವಳ ಮತ್ತೆ ಅರಳಿತು.

ಉಳಿದದ್ದು ಒಂದೇ ಪೀಡೆ, ಕಂದು ಲೋಳೆ. ಎಂಟು ತಿಂಗಳಿಂದ ಮರಳಿನ ಮೇಲೂ ಕಲ್ಲಿನ ಮೇಲೂ ಹಳೇ ಕಂಬಳಿಯಂತೆ ಹರಡಿತ್ತು. ಪ್ರತಿ ಭಾನುವಾರ ಮೇಷ್ಟ್ರು ಪೈಪು ಹಿಡಿದು ಹೀರಿ ತೆಗೆಯುತ್ತಿದ್ದರು. ಬುಧವಾರಕ್ಕೆ ಅದು ವಾಪಸು. ಆಹಾರ ಕಡಿಮೆ ಮಾಡಿದರು, ದೀಪ ಕಡಿಮೆ ಮಾಡಿದರು, ಬೈದೂ ನೋಡಿದರು.

ಹೀಗಿರಲು ಡ್ರೈವಿಂಗ್ ಸ್ಕೂಲಿನವರಿಗೆಲ್ಲ ಪರವೂರಿನಲ್ಲಿ ನಾಲ್ಕು ದಿನದ ತರಬೇತಿ ಎಂದು ಇಲಾಖೆಯಿಂದ ಆಜ್ಞೆ ಬಂತು. ಹೆಂಡತಿಗೆ ಲೈಬ್ರರಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ. ಆದ್ದರಿಂದ ತೊಟ್ಟಿಯ ರಾಜ್ಯಭಾರ, ಮೊನ್ನೆಯಷ್ಟೇ ಪೆಟ್ಟಿಗೆ ಸಮೇತ ಮಗಳ ಮನೆಗೆ ಬಂದಿದ್ದ ಮಾವನವರ ಹೆಗಲೇರಿತು.

ಮಾವನವರು ನಿವೃತ್ತ ಕಾಂಪೌಂಡರು. ನಲವತ್ತು ವರ್ಷ ದವಾಖಾನೆಯ ಕಿಟಕಿಯ ಹಿಂದೆ ನಿಂತು ಮಿಕ್ಸ್ಚರ್ ಬೆರೆಸಿದವರು. ಚೀಟಿಯಲ್ಲಿ ಇದ್ದದ್ದನ್ನು ಕೊಡುವುದು, ಇಲ್ಲದ್ದನ್ನು ಕೊಡದಿರುವುದು, ಇದೇ ಅವರ ಬಾಳಿನ ಸೂತ್ರ. ಡಾಕ್ಟರುಗಳ ಕೈಬರಹವನ್ನೇ ಅರಗಿಸಿಕೊಂಡ ಕಣ್ಣಿಗೆ ಅಳಿಯನ ಗುಂಡು ಅಕ್ಷರ ಯಾವ ಲೆಕ್ಕ? ಮೇಷ್ಟ್ರು ಗಾಜಿಗೆ ಅಂಟಿಸಿ ಹೋದ ಚೀಟಿಯನ್ನು ಅವರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಆಹಾರ ಒಂದೇ ಚಿಟಿಕೆ. ದೀಪ ಮುಟ್ಟಬೇಡಿ. ಸಿಹಿನೀರು ಬೆಳಿಗ್ಗೆ ಒಂದು ಲೀಟರ್, ಸಂಜೆ ಒಂದು ಲೀಟರ್. ಗಾಬರಿಯಾಗಬೇಡಿ.

"ಪುಟ್ಟೀ, ಸಿಹಿ ಎಷ್ಟು ಅಂತ ಬರೆದೇ ಇಲ್ವಲ್ಲೇ ಇವರು?"

ಮಗಳು ಚಪ್ಪಲಿ ಮೆಟ್ಟುತ್ತಿದ್ದಳು. "ಅಪ್ಪಾ, ನಂಗೆ ಹೊತ್ತಾಯ್ತು. ಅವರು ಬರೆದ ಹಾಗೆ ಹಾಕು, ಅಷ್ಟೇ."

ಮಾವನವರು ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಯೋಚಿಸಿದರು. ಪಾಪದ ಪ್ರಾಣಿಗಳು. ಹುಟ್ಟಿದಾಗಿನಿಂದ ಬರೀ ಉಪ್ಪುನೀರು ಕುಡಿದು ಬದುಕಿವೆ. ಒಳಗೆ ಉಪ್ಪಿದೆ, ಮೇಲಿಂದ ಸಿಹಿ ಹಾಕಬೇಕು. ಉಪ್ಪು, ಸಕ್ಕರೆ, ನೀರು... ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಭೇದಿಯಾದ ಮಕ್ಕಳಿಗೆ ನಲವತ್ತು ವರ್ಷ ತಾವೇ ಬೆರೆಸಿ ಕೊಟ್ಟ ದ್ರಾವಣವೇ ಇದು! ಅಳಿಯನಿಗೆ ಕಾರು ಬಿಟ್ಟು ಬೇರೇನೂ ತಿಳಿಯದು ಎಂದುಕೊಂಡಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದರು. ಅಳತೆಯಂತೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು: ಲೀಟರಿಗೆ ಮಟ್ಟಸವಾಗಿ ಆರು ಚಮಚ. ಹಳೆಯ ಅಳತೆಪಾತ್ರೆಗಳೆರಡನ್ನು ಪೆಟ್ಟಿಗೆಯಿಂದ ತೆಗೆದು, ಸಕ್ಕರೆ ಹಾಕಿ, ಒಂದರಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದು ಕರಗಿಸಿ, ತೊಟ್ಟಿಗೆ ಹೊಯ್ದರು. ಆಟೋ ಒಂದು ಸುತ್ತು ಹೊಡೆಯಿತು. ರೋಗಿ ಚುರುಕಾಗಿದ್ದಾನೆ ಎಂದು ಅವರಿಗೆ ತೃಪ್ತಿಯಾಯಿತು.

ಎರಡನೆಯ ದಿನ ಸಂಜೆ ಮಗಳು ಸಕ್ಕರೆ ಡಬ್ಬಿ ತೆರೆದು ಹೌಹಾರಿದಳು.

"ಅಪ್ಪಾ! ನಿಂಗೆ ಶುಗರ್ ಇದೆ, ನೆನಪಿದೆಯಾ?"

"ನೆನಪಿಲ್ದೆ ಏನು."

"ಮತ್ತೆ ಸಕ್ಕರೆ ಎಲ್ಲಿ ಹೋಯ್ತು?"

"ನಾನು ಒಂದು ಹರಳು ಮುಟ್ಟಿಲ್ಲಮ್ಮ."

"ನೀನು ಮುಟ್ಟಿಲ್ಲ, ನಾನು ಮುಟ್ಟಿಲ್ಲ. ಮೀನು ತಿಂತಾ?"

"ಹೂಂ."

ಅಪ್ಪ ಈ ವಯಸ್ಸಿನಲ್ಲೂ ತಮಾಷೆ ಮಾಡುತ್ತಾನಲ್ಲ ಎಂದು ಮಗಳು ನಕ್ಕು ಡಬ್ಬಿಯನ್ನು ಮೇಲಿನ ಅಟ್ಟಣಿಗೆಗೆ ಏರಿಸಿದಳು.

ಮೂರನೆಯ ದಿನ ಅವಳಿಗೆ ವಾರದ ರಜೆ. ಬೆಳಿಗ್ಗೆ ಎದ್ದು ಹಾಲ್‌ಗೆ ಬಂದರೆ ತೊಟ್ಟಿಯಲ್ಲಿ ಸಮುದ್ರವಿಲ್ಲ, ಹಾಲಿದೆ! ಬಿಳಿ ನೀರಿನ ನಡುವೆ ಆಟೋ, ಎಲ್-ಬೋರ್ಡುಗಳು ಮೂತಿಯನ್ನು ಮೇಲೆತ್ತಿ ಬಾಯಿ ಬಾಯಿ ಬಿಡುತ್ತಿವೆ. ಮಾವನವರು ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದಾರೆ. ಅಂಗೈಯಲ್ಲಿ ಪೊಲೀಸ್‌ನ ದೇಹ, ಮೀಸೆ ಸಮೇತ, ಗಾಜಿನಂತೆ ಹಗುರ.

ಅವಳು ಗಂಡನಿಗೆ ಫೋನು ಮಾಡಿದಾಗ ತರಬೇತಿಯ ಸಭಾಂಗಣದಲ್ಲಿ ಅಧಿಕಾರಿಗಳು ರಸ್ತೆ ಸುರಕ್ಷತೆಯ ಬಗ್ಗೆ ಮಾತಾಡುತ್ತಿದ್ದರು.

"ರೀ, ಪೊಲೀಸ್ ಹೋಗ್ಬಿಟ್ಟ."

"ಏನು? ಪೊಲೀಸ್ ಸತ್ನಾ?" ಮೇಷ್ಟ್ರು ಎದ್ದು ನಿಂತು ಕೂಗಿದರು. "ಯಾರು ಸಾಯಿಸಿದ್ದು?"

"ಅಪ್ಪ ಅನ್ಸುತ್ತೆ. ಅಳ್ತಿದಾರೆ."

"ನಿಮ್ಮಪ್ಪನಾ! ಇನ್ನು ಆಟೋ? ಆಟೋ ಬದುಕಿದೆಯಾ?"

ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿಗಳು ಮೈಕು ಕೆಳಗಿಟ್ಟು, "ಅಪಘಾತ ಎಲ್ಲಾಗಿದ್ದು?" ಎಂದು ಕೇಳಿದರು. "ಹಾಲ್‌ನಲ್ಲಿ ಸಾರ್" ಎಂದು ಮೇಷ್ಟ್ರು ಹೊರಗೋಡಿದರು. ಅವರಿಗೆ ತಕ್ಷಣ ಹೊರಡಲು ಅಪ್ಪಣೆ ಸಿಕ್ಕಿದ್ದು ಹೀಗೆ.

ಕಾರಿಡಾರಿನಲ್ಲಿ ವಿಚಾರಣೆ ಮುಂದುವರಿಯಿತು. ಫೋನು ಈಗ ಮಾವನವರ ಕೈಯಲ್ಲಿತ್ತು.

"ಮಾವ, ನೀವು ಹಾಕಿದ್ದೇನು?"

"ಚೀಟೀಲಿ ಇದ್ದದ್ದೇ ಅಳಿಯಂದಿರೇ. ಸಿಹಿನೀರು."

"ಸಿಹಿನೀರು ಅಂದ್ರೆ?"

"ಅಂದ್ರೆ ಸಿಹಿಯಾದ ನೀರು. ಲೀಟರಿಗೆ ಆರು ಚಮಚ. ಜಾಸ್ತಿ ಆಯ್ತಾ?"

ಮೇಷ್ಟ್ರ ಬಲಗಾಲು ಕಾರಿಡಾರಿನ ನೆಲವನ್ನು ಹೇಗೆ ಒತ್ತಿತೆಂದರೆ, ಚಪ್ಪಲಿಯ ಪಟ್ಟಿ ಕಿತ್ತುಬಂತು.

ಮೀನಂಗಡಿಯವನು ಫೋನಿನಲ್ಲೇ ವಿವರಿಸಿದ: ಸಕ್ಕರೆ ತಿಂದದ್ದು ಮೀನಲ್ಲ, ನೀರಿನಲ್ಲಿರುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಹಬ್ಬದೂಟ ಸಿಕ್ಕಂತೆ ತಿಂದು ಕೋಟಿಗಟ್ಟಲೆ ಬೆಳೆದಿವೆ. ಆ ಬಿಳಿಯೇ ಅವು. ನೀರಿನ ಆಮ್ಲಜನಕವನ್ನೆಲ್ಲ ಅವೇ ಎಳೆದುಕೊಳ್ಳುತ್ತಿರುವುದರಿಂದ ಮೀನಿಗೆ ಉಸಿರಿಲ್ಲ. "ಗಾಳಿ ಬೆರೆಸಿ ಮೇಷ್ಟ್ರೇ, ಗಾಳಿ! ಅಂಗಡಿ ಬಾಗಿಲು ಹಾಕ್ಕೊಂಡು ನಾನು ಏರ್ ಪಂಪ್ ತರೋವರೆಗೂ ಹೇಗಾದ್ರೂ ತಡ್ಕೊಳ್ಳಿ."

ಮೇಷ್ಟ್ರು ಬಸ್ಸಿನಿಂದಲೇ ಆಜ್ಞೆ ಕೊಟ್ಟರು. ಹೆಂಡತಿ ಕಾಲುಭಾಗ ನೀರನ್ನು ಬಕೆಟ್ಟಿಗೆ ಇಳಿಸಿ, ಮೆಟ್ಟಿಲ ಕೆಳಗಿನ ಡ್ರಮ್ಮಿನಲ್ಲಿ ಬೆರೆಸಿಟ್ಟಿದ್ದ ಹೊಸ ಉಪ್ಪುನೀರು ತುಂಬಿಸಿದಳು. ಒಳಗಿನ ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದಳು. ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಯಂತ್ರವೊಂದಿತ್ತು. ಅದು ಹುಚ್ಚೆದ್ದು ನೊರೆ ಕಕ್ಕಿ, ಹಾಲ್‌ನ ಕಾರ್ಪೆಟ್ಟು ಒಗೆಯಲು ನೆನೆಸಿಟ್ಟಂತಾಯಿತು.

ಇನ್ನು ಗಾಳಿ ಬೆರೆಸುವ ಕೆಲಸ. ಮಾವನವರು ಕಣ್ಣೊರೆಸಿಕೊಂಡು, ತೋಳು ಮಡಚಿ, ಸ್ಟೂಲು ಹತ್ತಿದರು. ಒಂದು ಅಳತೆಪಾತ್ರೆಯಲ್ಲಿ ತೊಟ್ಟಿಯ ನೀರು ಮೊಗೆಯುವುದು, ತಲೆಯ ಮೇಲಿಂದ ಇನ್ನೊಂದಕ್ಕೆ ಧಾರೆಯಾಗಿ ಇಳಿಸುವುದು, ಮತ್ತೆ ತೊಟ್ಟಿಗೆ. ನಲವತ್ತು ವರ್ಷ ಮಿಕ್ಸ್ಚರ್ ಬೆರೆಸಿದ ಕೈ. ಒಂದು ಹನಿ ಆಚೆ ಬೀಳಲಿಲ್ಲ.

"ಅಪ್ಪಾ, ಸ್ವಲ್ಪ ಹೊತ್ತು ನಾನು ಮಾಡ್ತೀನಿ, ಇಳಿ."

"ನನ್ನ ಕೈಯಿಂದ ಆದ ತಪ್ಪು, ನನ್ನ ಕೈಯೇ ತೊಳೀಲಿ. ನೀನು ನೆಲ ಒರೆಸು."

ನಾಲ್ಕು ಗಂಟೆಗಳ ಕಾಲ ಸುರಿದರು. ಮೀನಂಗಡಿಯವನು ಪಂಪು ಹಿಡಿದು ಬಂದಾಗಲೂ ಆಟೋ ಉಸಿರಾಡುತ್ತಿತ್ತು. ಎಲ್-ಬೋರ್ಡುಗಳು ಒಂದನ್ನೊಂದು ಒರಗಿ ನಿಂತಿದ್ದವು. ಅತ್ತ ಬಸ್ಸಿನಲ್ಲಿ ಮೇಷ್ಟ್ರ ಬಲಗಾಲು ಬದುಕಿನಲ್ಲಿ ಮೊದಲ ಬಾರಿಗೆ ಬ್ರೇಕು ಬಿಟ್ಟು ಆಕ್ಸಿಲರೇಟರ್ ಹುಡುಕುತ್ತಿತ್ತು.

ಸಂಜೆ ನಾಲ್ಕಕ್ಕೆ, ಹರಿದ ಚಪ್ಪಲಿ ಎಳೆಯುತ್ತ ಅವರು ಬಾಗಿಲಿಗೆ ಬಂದರು. ಮಾವನವರು ಎದುರಿಗೆ ನಿಂತು ಒಂದು ಮಾತ್ರೆಯ ಡಬ್ಬಿ ಚಾಚಿದರು. ಒಳಗೆ ಹತ್ತಿಯ ಮೇಲೆ ಪೊಲೀಸ್. ಮುಚ್ಚಳದ ಮೇಲೆ ದಿನಾಂಕ, ವೇಳೆ, ಕಾರಣ: ಕಾಂಪೌಂಡರ ಅಜಾಗರೂಕತೆ. ಕೆಳಗೆ ಸಹಿ.

"ನಲವತ್ತು ವರ್ಷದಲ್ಲಿ ಇದೊಂದೇ ಕೇಸು ಅಳಿಯಂದಿರೇ. ಶಿಕ್ಷೆ ನೀವೇ ಹೇಳಿ."

ಮೇಷ್ಟ್ರು ದೇಹವನ್ನು ಎತ್ತಿ ಬೆಳಕಿಗೆ ಹಿಡಿದರು. ಆಚೆಯ ಗೋಡೆ ಕಾಣಿಸಿತು.

"ಮಾವ, ಇದರೊಳಗೆ ಯಾರೂ ಇಲ್ಲ."

"ಅಂದ್ರೆ?"

"ಇದು ಅವನ ಅಂಗಿ. ತಿಂಗಳಿಗೊಂದು ಸಲ ಕಳಚಿ ಹಾಕ್ತಾನೆ. ಮನೇಲಿ ಯಾರೂ ಏಳೋ ಮೊದ್ಲೇ ನಾನು ಎತ್ತಿ ಬಿಸಾಕ್ತೀನಿ. ಹೊಸದು ಗಟ್ಟಿಯಾಗೋವರೆಗೂ ನಾಚ್ಕೊಂಡು ಕಲ್ಲಿನ ಹಿಂದೆ ಕೂತಿರ್ತಾನೆ."

ಮೀನಂಗಡಿಯವನು ಟಾರ್ಚು ಬಿಟ್ಟ. ಬಿಳಿ ಮಬ್ಬಿನೊಳಗೆ, ಕಲ್ಲಿನ ಹಿಂದಿನಿಂದ, ಹೊಚ್ಚ ಹೊಸ ಮೀಸೆಯೊಂದು ಎಡಕ್ಕೂ ಬಲಕ್ಕೂ ಬೀಸಿತು. ಮಾವನವರು ಅಲ್ಲೇ ಒದ್ದೆ ಕಾರ್ಪೆಟ್ಟಿನ ಮೇಲೆ ಕುಳಿತು, ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದರು.

ಆದರೂ ಗಂಡಾಂತರ ಮುಗಿದಿರಲಿಲ್ಲ. ಮೂರು ದಿನ ಏರ್ ಪಂಪು ಗುಳುಗುಳು ಎನ್ನುತ್ತಲೇ ಇತ್ತು, ಮೇಷ್ಟ್ರು ತೊಟ್ಟಿಯ ಮುಂದೆ ಚಾಪೆ ಹಾಕಿದ್ದರು, ಡ್ರೈವಿಂಗ್ ಸ್ಕೂಲಿನ ಬಾಗಿಲು ಹಾಕಿತ್ತು. ನಾಲ್ಕನೆಯ ಬೆಳಿಗ್ಗೆ ನೀರು ತಿಳಿಯಾಯಿತು. ಯಾರೂ ಸತ್ತಿರಲಿಲ್ಲ. ಬರೀ ಅದಲ್ಲ. ಮೇಷ್ಟ್ರು ಮೂಗನ್ನು ಗಾಜಿಗೆ ಒತ್ತಿ ನೋಡಿದರೆ ಮರಳು ಬಿಳಿ, ಕಲ್ಲು ಸ್ವಚ್ಛ. ಎಂಟು ತಿಂಗಳ ಕಂದು ಲೋಳೆ ಹೇಳಹೆಸರಿಲ್ಲದೆ ಮಾಯವಾಗಿತ್ತು! ಲೋಳೆಗೆ ಸಿಗಬೇಕಿದ್ದ ಗೊಬ್ಬರವನ್ನೆಲ್ಲ ಆ ಬ್ಯಾಕ್ಟೀರಿಯಾಗಳೇ ತಿಂದು, ನೊರೆಯ ಜೊತೆ ಹೊರಗೆ ಹೋಗಿದ್ದವು. ಹವಳಗಳು ಹಿಂದೆಂದೂ ಇಲ್ಲದಷ್ಟು ಅರಳಿ ನಿಂತಿದ್ದವು. ಮೇಷ್ಟ್ರು ಸ್ನಾನ ಮಾಡಿ, ಹೊಸ ಚಪ್ಪಲಿ ಹಾಕಿಕೊಂಡು, ಸ್ಕೂಲಿನ ಬೀಗ ತೆಗೆದರು.

ಸುದ್ದಿ ಮೀನಂಗಡಿಯಿಂದ ಹೊರಟು, ಹಾದಿಯಲ್ಲಿ ಕೈಕಾಲು ಮೂಡಿಸಿಕೊಂಡು, ಉಪ್ಪುನೀರಿನ ತೊಟ್ಟಿ ಇಟ್ಟವರ ಮನೆ ಮನೆಗೆ ಮುಟ್ಟಿತು. ಮೇಷ್ಟ್ರು ಪ್ರಾಣವನ್ನೇ ಪಣಕ್ಕಿಟ್ಟು ಹೊಸ ಚಿಕಿತ್ಸೆ ಕಂಡುಹಿಡಿದಿದ್ದಾರಂತೆ, ಪರವೂರಿನಲ್ಲಿ ಕುಳಿತೇ ಫೋನಿನಲ್ಲಿ ನಡೆಸಿದರಂತೆ. ಮುಂದಿನ ಭಾನುವಾರ ಒಂಬತ್ತು ಜನ ಹಾಲ್‌ನಲ್ಲಿ ಜಮಾಯಿಸಿದರು. ಒಬ್ಬರು ಮಾವನವರನ್ನು ಮೂಲೆಗೆ ಕರೆದು ಅಳತೆ ಕೇಳಿದರು. "ಚೀಟಿ ತಂದಿದೀರಾ? ಚೀಟಿ ಇಲ್ದೆ ನಾನು ನೀರೂ ಕೊಡೋನಲ್ಲ" ಎಂದರು ಮಾವನವರು. ಕೊನೆಗೆ, ದಪ್ಪ ನೋಟ್‌ಬುಕ್ಕು ಹಿಡಿದು ಬಂದಿದ್ದ ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಮೇಷ್ಟ್ರೇ, ಇಷ್ಟು ದೊಡ್ಡ ಪ್ರಯೋಗ! ಆರು ವರ್ಷದ ತೊಟ್ಟಿ, ಅಷ್ಟೂ ಜೀವಗಳು, ನಿಮ್ಮ ಸ್ಕೂಲು, ಎಲ್ಲಾ ಪಣಕ್ಕಿಟ್ರಿ. ಇದರಿಂದ ನಮ್ಮಂಥವರು ಕಲೀಬೇಕಾದ್ದು ಏನು? ದಯವಿಟ್ಟು ಹೇಳಿ, ಬರ್ಕೊಳ್ತೀನಿ."

ಒಂಬತ್ತು ಜನ ಮುಂದಕ್ಕೆ ಬಾಗಿದರು. ಮೇಷ್ಟ್ರು ತಲೆ ಕೆರೆದುಕೊಂಡರು.

"'ಫಿಲ್ಟರ್ ನೀರು' ಅಂತ ಬರೀಬೇಕಿತ್ತು. ಬರೀಲಿಲ್ಲ."