ಮೇಡಂ ಬಾಗಿಲ ಮೇಲಿನ ಎರಡು ಹಾಳೆ

ಬದುಕಿನಲ್ಲಿ ಒಂದೇ ಒಂದು ಸಲ ನಾನು ತರಗತಿಗೇ ಮೊದಲಿಗನಾಗಿದ್ದೆ. ಆ ಸುಖ ನಲವತ್ತು ನಿಮಿಷ ಇತ್ತು.

ಕಂಪ್ಯೂಟರ್ ವಿಜ್ಞಾನದ ಪ್ರೊಫೆಸರ್ ವಿದೊಸಾವಾ ಗ್ರುಯಿಚ್ ಅವರ ಬಾಗಿಲಿಗೆ ಅಂಟಿಸಿದ್ದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ತೊಂಬತ್ತೊಂದು ಎಂದಿತ್ತು. ಉಳಿದವರದೆಲ್ಲ ಅರವತ್ತು, ಎಪ್ಪತ್ತು. ಅಲ್ಗಾರಿದಮ್ ಪರೀಕ್ಷೆ ಬರೆದು ವಾರವಾಗಿತ್ತು. ನಮ್ಮ ಚಾಚಕ್ ಊರಿನಲ್ಲಿ ಪಾಸಾದವನು ಜೊತೆಯವರಿಗೆ ತಿನ್ನಿಸದೆ ಮುಖ ತೋರಿಸುವಂತಿಲ್ಲ. ಬೇಕರಿಗೆ ಓಡಿದೆ, ಮಾಂಸ ತುಂಬಿದ ಬಿಸಿ ಬುರೆಕ್ ಎರಡು ತಟ್ಟೆ ತಂದು ಎದುರಿಗೆ ಸಿಕ್ಕವರಿಗೆಲ್ಲ ಹಂಚಿದೆ. ಅಮ್ಮನಿಗೆ ಫೋನ್ ಮಾಡಿದೆ. ಪಕ್ಕದ ಮನೆಯವರಿಗೂ ಕೇಳಿಸಲಿ ಎಂದು ಅವಳು ಕಿಟಕಿ ತೆರೆದುಕೊಂಡು ಅತ್ತಳು.

ಮೇಡಂ ಬಂದರು. ಅವರ ಕೈಗೂ ಒಂದು ತುಂಡು ಕೊಟ್ಟು, "ತುಂಬಾ ಥ್ಯಾಂಕ್ಸ್ ಮೇಡಂ" ಎಂದೆ.

"ಯಾತಕ್ಕೆ ಮಗಾ?"

"ತೊಂಬತ್ತೊಂದು ಕೊಟ್ರಲ್ಲ!"

"ಅದು ನಾನು ಕೊಟ್ಟಿದ್ದಲ್ಲ, ನಿನ್ನ ಕಾಲು ಕೊಟ್ಟಿದ್ದು. ಮೈದಾನ ಒಂದು ಸುತ್ತು ಹಾಕೋಕೆ ತೊಂಬತ್ತೊಂದು ಸೆಕೆಂಡು. ಅಷ್ಟರಲ್ಲಿ ನಮ್ಮಜ್ಜಿ ಹೋಗಿ ವಾಪಸ್ ಬರ್ತಾಳೆ. ನಿನ್ನ ತಲೆ ಕೊಟ್ಟಿದ್ದು ಪಕ್ಕದ ಹಾಳೇಲಿದೆ, ನೋಡು."

ಪಕ್ಕದ ಹಾಳೆಯಲ್ಲಿ ಹತ್ತೊಂಬತ್ತು ಇತ್ತು.

ಹಗಲು ಪಾಠ, ಬೆಳಗ್ಗೆ ಸಂಜೆ ಊರಿನ ಅಥ್ಲೆಟಿಕ್ಸ್ ಕ್ಲಬ್ಬಿನ ತರಬೇತಿ. ಎರಡಕ್ಕೂ ಮೇಡಂ ಒಬ್ಬರೇ, ಬಾಗಿಲೂ ಒಂದೇ. ಕ್ಲಬ್ಬಿಗೆ ಆರಿಸಲು ಮೇಡಂ ಮೊದಲ ವರ್ಷದವರನ್ನೆಲ್ಲ ಒಂದು ಸುತ್ತು ಓಡಿಸಿದ್ದನ್ನು ನಾನು ಮರೆತೇಬಿಟ್ಟಿದ್ದೆ. ಮೈಕೈ ಮಾತ್ರ ಮರೆತಿರಲಿಲ್ಲ.

ಮೇಡಂ ಬುರೆಕ್ ಮುಗಿಸಿ ಕೈ ಒರೆಸಿಕೊಂಡರು. "ಓಡೋಕೆ ಬರಲ್ಲ. ನಿಂತ್ಕೊಳ್ಳೋಕಾದ್ರೂ ಬರುತ್ತಾ?"

"ಬರುತ್ತೆ ಮೇಡಂ."

"ಹಾಗಾದ್ರೆ ನಾಳೆ ಆರಕ್ಕೆ ಮೈದಾನಕ್ಕೆ ಬಾ. ಸ್ಟಾಪ್‌ವಾಚ್ ಹಿಡ್ಕೋ. ಮಧ್ಯೆ ಮಧ್ಯೆ ಪಾಠ ಹೇಳ್ತೀನಿ."

ಹೀಗೆ ಎರಡು ವರ್ಷ. ಅಂಕಿಗಳನ್ನು ಕ್ರಮವಾಗಿ ಜೋಡಿಸುವ ವಿಧಾನ ಕಪ್ಪುಹಲಗೆಯ ಮೇಲೆ ನೋಡಿ ನನ್ನ ತಲೆಗೆ ಹತ್ತಿರಲಿಲ್ಲ. ಮೇಡಂ ಹತ್ತು ಜನ ಓಟಗಾರರನ್ನು ಅಡ್ಡಾದಿಡ್ಡಿ ನಿಲ್ಲಿಸಿ, "ಪಕ್ಕದವನಿಗಿಂತ ನಿಧಾನದವರು ಬಲಕ್ಕೆ ಹೋಗಿ" ಎನ್ನುತ್ತಿದ್ದರು. ಎಷ್ಟು ಅದಲುಬದಲು ಎಂದು ನಾನು ಎಣಿಸಬೇಕು. ಚಡ್ಡಿಯಲ್ಲಿ ನಡುಗುತ್ತಿದ್ದ ಹುಡುಗರು ಗೊಣಗುತ್ತಿದ್ದರು: "ಲೋ, ಬೇಗ ಬುದ್ಧಿವಂತನಾಗೋ, ನೆಗಡಿ ನಮಗೆ ಬರ್ತಿದೆ!"

ಆದರೂ ಪರೀಕ್ಷೆಯಲ್ಲಿ ಎರಡನೆಯ ಸಲವೂ ಫೇಲಾದೆ. ಮೂರನೆಯದೇ ಕೊನೆಯ ಅವಕಾಶ. ಅದೂ ಹೋದರೆ ಸರ್ಕಾರಿ ಸೀಟು ಹೋಗಿ, ಸೋದರಮಾವನ ಟೈರ್ ಅಂಗಡಿಯೇ ಗತಿ. ಪರೀಕ್ಷೆ ಸೋಮವಾರ. ಅದಕ್ಕೆ ಮುಂಚಿನ ಶುಕ್ರವಾರ ಮೇಡಂ ಮಗಳು ಕಲಿನಾಳ ಓಟ. ಅವಳಿಗೆ ಹದಿನೇಳು ವರ್ಷ. ರಾಷ್ಟ್ರಮಟ್ಟಕ್ಕೆ ಹೋಗಬೇಕಾದರೆ ಒಂದು ಸುತ್ತು ಅರವತ್ತು ಸೆಕೆಂಡು ಮೀರಬಾರದು. ಕೊನೆಯ ತಿರುವಿನಲ್ಲಿ ಮೇಡಂ "ತೋಳು! ತೋಳು ಬೀಸು!" ಎಂದು ಕೂಗುತ್ತಿದ್ದರು. ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದವನು ನಾನೊಬ್ಬನೇ.

ಅರವತ್ತು ಪಾಯಿಂಟ್ ಒಂದು.

"ಅರವತ್ತು!" ಎಂದುಬಿಟ್ಟೆ. ನನ್ನ ಕಣ್ಣ ಮುಂದೆ ಸೋಮವಾರವಿತ್ತು. ಕಲಿನಾ ನನ್ನನ್ನು ತಬ್ಬಿಕೊಂಡು ಕುಣಿದಳು. ಮೇಡಂ ನಿಧಾನಕ್ಕೆ ನಡೆದು ಬಂದರು.

"ಇನ್ನೊಂದ್ಸಲ ಹೇಳು."

"ಅರವತ್ತು, ಮೇಡಂ."

"ನೀನು ವಾಚ್ ನೋಡ್ದೆ, ಕಲಿನಾನ್ನ ನೋಡ್ದೆ, ಆಮೇಲೆ ನನ್ನ ನೋಡ್ದೆ. ಟೈಮ್ ಹೇಳೋಕೆ ವಾಚ್ ನೋಡಿದ್ರೆ ಸಾಕು ಮಗಾ."

"...ಪಾಯಿಂಟ್ ಒಂದು."

ಅವರು ಬರೆದುಕೊಂಡರು. ಆ ಮಧ್ಯಾಹ್ನ ಇಬ್ಬರನ್ನೂ ಮನೆಗೆ ಕರೆದೊಯ್ದು ಬಿಳಿ ಬೀನ್ಸ್ ಸಾರು ಬಡಿಸಿದರು. ರೊಟ್ಟಿಯ ದೊಡ್ಡ ತುಂಡನ್ನು ಮಗಳ ತಟ್ಟೆಗೆ ಇಟ್ಟರು.

ಸೋಮವಾರ ಪರೀಕ್ಷೆ ಬರೆದೆ. ಪಾಸಾಗಲು ಐವತ್ತೊಂದು ಬೇಕು. ಬಾಗಿಲ ಮೇಲೆ ನನಗೆ ಐವತ್ತೊಂದು ಇತ್ತು. ಈ ಸಲ ಯಾವ ಹಾಳೆ ಎಂದು ಮೂರು ಸಲ ನೋಡಿದೆ.

ಆರು ವರ್ಷದಿಂದ ಹಣ್ಣಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ತೂಕದ ಯಂತ್ರಗಳ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಯಂತ್ರ ಹತ್ತೊಂಬತ್ತು ಕಿಲೋ ಎಂಟುನೂರು ಎಂದಾಗ "ಇಪ್ಪತ್ತು ಅಂತ ಹಾಕೋ" ಎನ್ನುವವರು ದಿನಕ್ಕೊಬ್ಬರಾದರೂ ಇರುತ್ತಾರೆ. ನಾನು ಹಾಕುವುದಿಲ್ಲ. ಈ ಕೆಲಸ, ಈ ಸಂಬಳ, ಈ ಹಟಮಾರಿತನ ಮೂರೂ ಮೇಡಂ ಕೊಟ್ಟದ್ದು. ಆದರೆ ಆ ಐವತ್ತೊಂದೂ ಅವರೇ ಕೊಟ್ಟದ್ದೋ, ನಾನು ಗಳಿಸಿದ್ದೋ? ಈ ಮುಳ್ಳು ಒಳಗೇ ಇತ್ತು.

ಕಳೆದ ನವೆಂಬರಿನಲ್ಲಿ ಅವರ ಮನೆದೇವರಾದ ಸಂತನ ಹಬ್ಬ. ಕರೆಯದೆಯೇ ಹೋಗುವ ಹಬ್ಬ. ಎರಡು ತಟ್ಟೆ ಬುರೆಕ್ ಹೊತ್ತು ಹೋದೆ.

"ಅಮ್ಮಾ, ಪಾಯಿಂಟ್ ಒಂದು ಬಂದ!" ಎಂದು ಕಲಿನಾ ಬಾಗಿಲಲ್ಲೇ ಕೂಗಿದಳು. ಮರುವರ್ಷವೇ ಐವತ್ತೊಂಬತ್ತು ಪಾಯಿಂಟ್ ನಾಲ್ಕು ಓಡಿದವಳು ಅವಳು. ನನ್ನ ಹೆಸರು ಮಾತ್ರ ಇಂದಿಗೂ ಅದೇ.

ಪ್ಲಮ್ ಹಣ್ಣಿನ ಮದ್ಯ ರಾಕಿಯಾ ಎರಡು ಗುಟುಕು ಒಳಗೆ ಹೋದ ಮೇಲೆ ಧೈರ್ಯ ಬಂತು. "ಮೇಡಂ, ಆ ಐವತ್ತೊಂದು... ಕೊನೆಗಾದ್ರೂ ನಿಜ ಹೇಳಿದ ಅಂತ ಕೊಟ್ರಾ? ಇಲ್ಲ, ಪಾಪ ಅಂತಲಾ?"

ಮೇಡಂ ಬುರೆಕ್ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಹೆತ್ತ ಮಗಳಿಗೇ ಪಾಯಿಂಟ್ ಒಂದು ಬಿಡದವಳು ನಿಂಗೆ ಬಿಡ್ತೀನಾ? ಐವತ್ತು ಬಂದಿದ್ರೆ ಐವತ್ತೇ ಬರೀತಿದ್ದೆ. ಚಳಿಗಾಲಕ್ಕೆ ಬದಲಿಸೋ ಕಾರಿನ ಟೈರು ನಿಮ್ಮ ಮಾವನ ಅಂಗಡೀಲೇ, ನಿನ್ನ ಕೈಯಲ್ಲೇ ಹಾಕಿಸ್ಕೋತಿದ್ದೆ."