ಇಂಗುನ್ ಬರೆದ ಹನ್ನೊಂದು ಡಿಗ್ರಿ

ಇಂಗುನ್‌ಳ ಕೆಲಸವೆಂದರೆ ಭೂಮಿಗೆ ಜ್ವರ ಇದೆಯೋ ಇಲ್ಲವೋ ಎಂದು ನೋಡುವುದು. ಬಿಸಿನೀರು ಹುಡುಕಲು ಸರ್ಕಾರ ಎಲ್ಲೆಲ್ಲಿ ಸಣ್ಣ ಕೊಳವೆ ಕೊರೆಸುತ್ತದೋ ಅಲ್ಲಿಗೆಲ್ಲ ಅವಳು ಹೋಗಬೇಕು. ತಂತಿಯ ತುದಿಗೆ ಕಟ್ಟಿದ ತಾಪಮಾಪಕವನ್ನು ಒಳಗಿಳಿಸಿ, ಐದು ಮೀಟರಿಗೊಮ್ಮೆ ನಿಲ್ಲಿಸಿ, ಬಂದ ಅಂಕಿ ಬರೆದುಕೊಳ್ಳಬೇಕು. ಐಸ್‌ಲ್ಯಾಂಡಿನ ಗಾಳಿಯಲ್ಲಿ ಮೂವತ್ತೊಂದು ವರ್ಷ ಅವಳು ಇದನ್ನೇ ಮಾಡಿದಳು. ದೊಡ್ಡ ವಿಜ್ಞಾನಿಗಳ ಹೆಸರು ವರದಿಯ ಮುಖಪುಟದಲ್ಲಿರುತ್ತಿತ್ತು, ಇವಳದು ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ನನಗಿದೆ.

ಅವಳ ತವರು ಪೂರ್ವದ ಕೊಲ್ಲಿಯ ಕಲ್ದವೀಕ್, ಅಂದರೆ ತಣ್ಣನೆಯ ಕೊಲ್ಲಿ. ಹೆಸರಿನಲ್ಲೇ ಚಳಿ ಇದೆ, ಇಟ್ಟವರು ಸುಳ್ಳುಗಾರರಲ್ಲ. ದೇಶದ ಬಹುಪಾಲು ಜನ ನೆಲದಡಿಯ ಬಿಸಿನೀರಿನಲ್ಲಿ ಮನೆ ಬೆಚ್ಚಗಿಟ್ಟುಕೊಂಡು ಕಿಟಕಿ ತೆರೆದು ಮಲಗುತ್ತಿದ್ದರೆ, ಕಲ್ದವೀಕಿನವರು ಎರಡೆರಡು ಉಣ್ಣೆಯಂಗಿ ತೊಟ್ಟು ಊಟಕ್ಕೆ ಕೂರುತ್ತಿದ್ದರು. ಶಾಲೆಯ ಈಜುಕೊಳ ಕಾಯಿಸುವುದು ದುಬಾರಿಯಾಗಿ ಅದಕ್ಕೆ ಬೀಗ ಬಿದ್ದಿತ್ತು. ಈಜು ಕಲಿಯದೆ ಮಕ್ಕಳು ಶಾಲೆ ದಾಟುವ ಹಾಗಿಲ್ಲ, ಹಾಗಾಗಿ ಅವರನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಗುಡ್ಡದಾಚೆಗೆ ಕಳಿಸುತ್ತಿದ್ದರು. ಆ ಕೊಳವನ್ನು ನೋಡಿಕೊಳ್ಳುತ್ತಿದ್ದವನು ಇಂಗುನ್‌ಳ ಅಣ್ಣ ಅಸ್ಗೇರ್. ಖಾಲಿ ಕೊಳವನ್ನೂ ಅವನು ಪ್ರತಿ ಶನಿವಾರ ತೊಳೆಯುತ್ತಿದ್ದ.

ತಣ್ಣಗಿನ ಊರುಗಳಲ್ಲೂ ಬಿಸಿನೀರು ಹುಡುಕೋಣ ಎಂದು ಸರ್ಕಾರ ಹಣ ತೆಗೆದಿಟ್ಟಾಗ ಕಲ್ದವೀಕಿಗೆ ಐದು ಸಣ್ಣ ಕೊಳವೆಗಳು ಸಿಕ್ಕವು. ಅವುಗಳಲ್ಲಿ ಒಂದಾದರೂ ಆಸೆ ಹುಟ್ಟಿಸಿದರೆ ಮಾತ್ರ ದೊಡ್ಡ ಯಂತ್ರ ಬಂದು ಆಳಕ್ಕೆ ಕೊರೆಯುತ್ತದೆ. ಇಲ್ಲದಿದ್ದರೆ ಸರದಿ ಬೇರೆ ಊರಿಗೆ. ನಾಲ್ಕು ಕೊಳವೆಗಳು ತಣ್ಣಗೆ ಕೂತವು. ಐದನೆಯದನ್ನು ಕಡಲಂಚಿನಲ್ಲಿ ಕೊರೆದರು. ಮಾರ್ಚ್ ತಿಂಗಳಲ್ಲಿ ಅದನ್ನು ಅಳೆಯಲು ಇಂಗುನ್ ಬಂದಳು.

ಅಂದು ಅರ್ಧ ಊರೇ ಸುತ್ತ ನಿಂತಿತ್ತು. ಇಪ್ಪತ್ತು ಮೀಟರಿನಲ್ಲಿ ಮುಳ್ಳು ಮೂವತ್ತೊಂದು ಡಿಗ್ರಿ ತೋರಿಸಿತು. ಇಂಗುನ್ ಕೂಡ ಕುಣಿದಾಡುವಷ್ಟು ಖುಷಿಪಟ್ಟಳು, ತವರೂರು ತಾನೇ. ಯಾರೋ ಓಡಿಹೋಗಿ ಕಾಫಿ ತಂದರು, ತೆಳುದೋಸೆಗೆ ಸಕ್ಕರೆ ಸುತ್ತಿ ಹಂಚಿದರು. ಅವಳು ತಂತಿಯನ್ನು ಇನ್ನೂ ಕೆಳಗೆ ಬಿಟ್ಟಳು. ಮೂವತ್ತು ಮೀಟರಿಗೆ ಇಪ್ಪತ್ತೆರಡು. ಐವತ್ತಕ್ಕೆ ಹದಿನಾಲ್ಕು. ಅವಳು ಕೈಯಲ್ಲಿದ್ದ ದೋಸೆ ಕೆಳಗಿಟ್ಟು ಅಂಕಿಗಳನ್ನು ಮತ್ತೆ ಓದಿದಳು. ನೆಲದೊಳಗೆ ಇಳಿದಷ್ಟೂ ಬಿಸಿ ಏರಬೇಕು. ಇಲ್ಲಿ ಲೆಕ್ಕ ತಲೆಕೆಳಗಾಗಿತ್ತು.

ಜನ ಚದುರಿದ ಮೇಲೆ ಅಣ್ಣನನ್ನು ಪಕ್ಕಕ್ಕೆ ಕರೆದಳು.

"ಈ ಕೊಳವೆಗೆ ಯಾರಾದ್ರೂ ಏನಾದ್ರೂ ಮಾಡಿದ್ರಾ?"

"ಮಾಡೋದೇನು? ಬಾಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ನಿನ್ನ ತಂತಿ ಸಿಕ್ಕಾಕ್ಕೊಂಡೀತು ಅಂತ ಕೊಳದ ಬಾಯ್ಲರ್‌ನಿಂದ ಪೈಪ್ ಎಳೆದು ಬಿಸಿನೀರು ಬಿಟ್ಟೆ. ಮೂರು ದಿನ."

"ಮೂರು ದಿನ! ಅಯ್ಯೋ ಅಣ್ಣ, ನಾನು ಅಳೆದಿದ್ದು ನೆಲದ ಬಿಸಿಯಲ್ಲ, ನಿನ್ನ ಬಾಯ್ಲರ್‌ದು!"

ಅಸ್ಗೇರ್ ಕೊಳವೆಯ ಬಾಯಿಯತ್ತ ಬಗ್ಗಿ ನೋಡಿದ. ತಂಗಿಗೆ ಕಷ್ಟವಾಗದಿರಲಿ ಎಂದು ಮಾಡಿದ ಕೆಲಸ ಅದು. ಸುತ್ತ ಕಣ್ಣಾಡಿಸಿ ಮೆಲ್ಲಗೆ ಕೇಳಿದ: "ರಾಜಧಾನಿಲಿ ಕೂತೋರಿಗೆ ಇದು ಹೇಗೆ ಗೊತ್ತಾಗುತ್ತೆ? ಮೇಲಿನ ಇಪ್ಪತ್ತು ಮೀಟರ್ ಮಾತ್ರ ಬರಿ. ಕೆಳಗೆ ತಂತಿ ಇಳೀಲಿಲ್ಲ ಅನ್ನು. ದೊಡ್ಡ ಯಂತ್ರ ಒಂದು ಬರ್ಲಿ ಸಾಕು, ನೀರು ಸಿಕ್ಕೇ ಸಿಗುತ್ತೆ."

"ಸಿಗದೇ ಹೋದ್ರೆ?"

"ನಿನಗೆ ಈ ಊರು ಬೇಡ್ವಾ ಇಂಗುನ್?"

ಆ ಮಾತು ಅವಳನ್ನು ಚುಚ್ಚಿತು. ಬರೆಯುವ ಪೆನ್ನು ಅವಳ ಕೈಯಲ್ಲೇ ಇತ್ತು, ಕೇಳುವವರು ಯಾರೂ ಇರಲಿಲ್ಲ. ಅವಳು ಒಂದು ಕ್ಷಣವಲ್ಲ, ಒಂದು ಇಡೀ ದಿನ ಯೋಚಿಸಿದಳು ಎಂದು ನನಗೆ ತಾನಾಗಿಯೇ ಹೇಳಿದ್ದಾಳೆ. ಕೊನೆಗೆ ಕೊಳವೆಗೆ ಮುಚ್ಚಳ ಹಾಕಿ, ನೆಲ ತನ್ನ ನಿಜವಾದ ಬಿಸಿಗೆ ಮರಳಲಿ ಎಂದು ಹನ್ನೆರಡು ದಿನ ಕಾದಳು. ಅಷ್ಟೂ ದಿನ ಅಣ್ಣನ ಮನೆಯಲ್ಲೇ ಉಂಡಳು. ಅಣ್ಣ ಮೀನು ಬಡಿಸುತ್ತಿದ್ದ, ಮಾತು ಬಡಿಸುತ್ತಿರಲಿಲ್ಲ. ಹದಿಮೂರನೆಯ ದಿನ ಮತ್ತೆ ಅಳೆದಳು. ತಳದಲ್ಲಿ ಹನ್ನೊಂದು ಡಿಗ್ರಿ. ಉಳಿದ ನಾಲ್ಕಕ್ಕಿಂತ ಮೂರು ಹೆಚ್ಚು, ದೊಡ್ಡ ಯಂತ್ರಕ್ಕೆ ಸಾಲದಷ್ಟು ಕಡಿಮೆ. ಹನ್ನೊಂದು ಎಂದೇ ಬರೆದಳು. ಯಂತ್ರ ಬರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರು ಅವಳನ್ನೇ ಬೈಯಿತು. ಆರು ವರ್ಷ ಕಳೆದ ಮೇಲೆ ಆದದ್ದು ಇನ್ನೂ ಉರಿಸಿತು. ಹೊಸ ಹಣ ಬಂದಾಗ ಒಬ್ಬಳು ಯುವ ಭೂವಿಜ್ಞಾನಿ ಹಳೆಯ ಕಡತ ತೆರೆದು, ಐದೂ ಕೊಳವೆಗಳ ಅಂಕಿಗಳನ್ನು ನಕ್ಷೆಯ ಮೇಲೆ ಇಟ್ಟಳು. ಬಿಸಿ ಕಡಲಂಚಿನ ಕಡೆಗೆ, ಇಂಗುನ್ ಬರೆದ ಹನ್ನೊಂದರ ಕಡೆಗೆ ಏರುತ್ತಿತ್ತು. ಹಾಗಾದರೆ ಮೂಲ ಕೊಲ್ಲಿಯ ಆಚೆ ದಡದಲ್ಲಿರಬೇಕು! ಅಲ್ಲಿ ಕೊರೆದರು, ಅರವತ್ತೆರಡು ಡಿಗ್ರಿಯ ನೀರು ಚಿಮ್ಮಿತು. ಆ ದಡದಲ್ಲಿದ್ದದ್ದು ಸ್ಕಾಲೆಯ್ರಿ. ಮೀನು, ಚರ್ಚು, ಫುಟ್ಬಾಲು, ಎಲ್ಲದರಲ್ಲೂ ಕಲ್ದವೀಕಿನ ನೂರು ವರ್ಷದ ಎದುರಾಳಿ.

"ಮನೆಗೆ ಮಾರಿ, ಪರರಿಗೆ ಉಪಕಾರಿ," ಎಂದರು ಕಲ್ದವೀಕಿನ ಮುದುಕಿಯರು. ಸಮುದ್ರದಡಿ ಪೈಪು ಹಾಕಿ ಆ ನೀರನ್ನು ಈಚೆ ತರಲು ಯಾರ ಬಳಿಯೂ ಹಣವಿರಲಿಲ್ಲ.

ಸ್ಕಾಲೆಯ್ರಿಯ ಹೊಸ ಈಜುಕೊಳ ತೆರೆದ ದಿನ ಇಂಗುನ್‌ಳನ್ನು ಕರೆದರು. ಹೋಗಿ, ಬಿಸಿ ತೊಟ್ಟಿಯಲ್ಲಿ ಒಬ್ಬಳೇ ಕುತ್ತಿಗೆವರೆಗೆ ಮುಳುಗಿ ಕೂತಳು. ಸ್ವಲ್ಪ ಹೊತ್ತಿಗೆ ಎಪ್ಪತ್ತು ದಾಟಿದ ಅಸ್ಗೇರ್ ಬಾಗಿಲಲ್ಲಿ ಕಾಣಿಸಿಕೊಂಡ. ಕಲ್ದವೀಕಿನಿಂದ ಬಂದವನು ಅವನೊಬ್ಬನೇ. ಎಲ್ಲರೂ ನೋಡುತ್ತಿದ್ದಂತೆ ಮೆಟ್ಟಿಲಿಳಿದು ತಂಗಿಯ ಎದುರು ಕೂತ.

"ಅವತ್ತು ನೀನು ಸುಳ್ಳು ಬರೆದಿದ್ರೆ ನಮಗೆ ನೀರು ಸಿಗ್ತಿತ್ತಾ?"

"ಇಲ್ಲ. ಯಂತ್ರ ಬಂದು ನಮ್ಮೂರಲ್ಲಿ ತಣ್ಣನೆ ತೂತು ಕೊರೆದು ಹೋಗ್ತಿತ್ತು. ಆಮೇಲೆ ಈ ಕೊಲ್ಲಿ ಕಡೆ ಯಾರೂ ತಲೆ ಹಾಕ್ತಿರಲಿಲ್ಲ."

"ನಿಜ ಬರೆದ್ರೂ ನಮಗೆ ಸಿಗಲಿಲ್ಲ."

"ಇಲ್ಲ ಅಣ್ಣ."

ಅಸ್ಗೇರ್ ಬೊಗಸೆಯಲ್ಲಿ ನೀರು ತುಂಬಿ ಮುಖಕ್ಕೆ ಹಾಕಿಕೊಂಡ. ಆಚೆ, ದೊಡ್ಡ ಕೊಳದಲ್ಲಿ ಎದುರಾಳಿ ಊರಿನ ಮಕ್ಕಳು ಕಿರುಚುತ್ತ ಕಾಲು ಬಡಿಯುತ್ತಿದ್ದರು. ಅವನು ಅವರನ್ನು ಬಹಳ ಹೊತ್ತು ನೋಡಿದ.

"ಆ ಕೆಂಪು ಟೋಪಿಯವನು ಮುಳುಗ್ತಾನೆ ನೋಡು," ಎಂದು ಎದ್ದ. "ಇವರಿಗೆ ಕಾಲು ಬಡಿಯೋದು ಕಲಿಸೋರೇ ಇಲ್ಲ. ನಾಳೆಯಿಂದ ನಾನೇ ಬರ್ತೀನಿ, ಹೇಳಿಬಿಡು."