ನಾನು ತಿದ್ದಿದ ಮೂಗು

ಬೆಟಗೇರಿಯ ಒಂದು ಫೋಟೊ ಸ್ಟುಡಿಯೋದಲ್ಲಿ ನಾನು ಎಡಿಟಿಂಗ್ ಮಾಡುತ್ತೇನೆ. ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿಯರ ಫೋಟೊ ಬಂದರೆ ಮೊಡವೆ ಒರೆಸುತ್ತೇನೆ, ಬಣ್ಣ ತಿಳಿ ಮಾಡುತ್ತೇನೆ, ಗದ್ದ ಸಣ್ಣಗೆ ಮಾಡುತ್ತೇನೆ. ಯಾರೂ ಹೇಳಬೇಕಾಗಿಲ್ಲ, ಕೈ ತಾನೇ ಹೋಗುತ್ತದೆ. ಲಕ್ಕುಂಡಿ, ಸೊರಟೂರಿನಿಂದ ಬಸ್ಸಿನಲ್ಲಿ ಬಂದ ಹುಡುಗಿಯರು ತಮ್ಮ ಫೋಟೊ ನೋಡಿ, ‘ಅಯ್ಯ, ಇಕಿ ನಾನೇನ್ರಿ?’ ಎಂದು ನಗುತ್ತಿದ್ದರು. ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು!

ನನ್ನ ತಂಗಿಯದು ಅಪ್ಪನ ಮೂಗು. ದಪ್ಪನೆಯದು, ನಡುವೆ ಸ್ವಲ್ಪ ಉಬ್ಬು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಮೂಗನ್ನು ಹಿಡಿದು ಮುದ್ದಾಡುತ್ತಿದ್ದಳು. ತಂಗಿಗೂ ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. ಅವಳಿಗೆ ವರ ನೋಡಲು ಶುರುಮಾಡಿದಾಗ ಫೋಟೊ ನಾನೇ ತೆಗೆದೆ, ನಾನೇ ಎಡಿಟ್ ಮಾಡಲು ಕುಳಿತೆ. ಐದು ನಿಮಿಷದ ಕೆಲಸ. ಉಬ್ಬು ಅಳಿಸಿದೆ, ಹೊಳ್ಳೆಗಳನ್ನು ಒಳಕ್ಕೆ ಒತ್ತಿದೆ. ಅವಳು ಕೇಳಿರಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದೇ ಆಯಿತು.

ಫೋಟೊ ನೋಡಿ ಅವಳು ಒಮ್ಮೆ ತನ್ನ ಮೂಗು ಮುಟ್ಟಿಕೊಂಡಳು. ಆಮೇಲೆ ಸ್ಟೇಟಸ್ಸಿಗೆ ಹಾಕಿಕೊಂಡಳು. ಶಿರಹಟ್ಟಿ, ಮುಂಡರಗಿಯ ಬಂಧುಬಳಗವೆಲ್ಲ ಕೆಂಪು ಹೃದಯ ಕಳಿಸಿತು. ಅವಳನ್ನು ತೊಟ್ಟಿಲಿನಿಂದ ಕಂಡವರು ಇವರು! ಮೂಗು ಎಲ್ಲಿ ಹೋಯಿತೆಂದು ಒಬ್ಬರೂ ಕೇಳಲಿಲ್ಲ.

ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ಬಂದರು. ತಂಗಿ ಉಪ್ಪಿಟ್ಟಿನ ತಾಟು ಕೊಟ್ಟು ಎದುರಿಗೆ ಕುಳಿತಳು. ಹುಡುಗನ ತಾಯಿ ಅವಳನ್ನು ನೋಡಿದರು, ಕೈಯಲ್ಲಿದ್ದ ಮೊಬೈಲ್ ನೋಡಿದರು, ಮತ್ತೆ ಅವಳನ್ನು ನೋಡಿದರು.

‘ಇಕಿ ಸಣ್ಣ ಮಗಳೇನ್ರಿ? ಫೋಟೊದಾಗಿನ ಹುಡುಗೀನ ಕರೀರಲ್ಲಾ ಒಂದೀಟು’ ಎಂದರು.

ಕುಹಕವಿರಲಿಲ್ಲ, ಪಾಪ, ನಿಜವಾಗಿಯೇ ಕೇಳಿದ್ದರು. ‘ಇಕೀನ ಆಕಿ ರೀ’ ಎಂದಳು ಅವ್ವ. ಚಹಾ ಕುಡಿದು ಹೋದವರು ಮತ್ತೆ ಫೋನ್ ಮಾಡಲಿಲ್ಲ.

ಅಂದಿನಿಂದ ತಂಗಿ ಮೊಬೈಲ್ ಕೆಳಗಿಡಲಿಲ್ಲ. ಮೂಗಿನ ಆಪರೇಷನ್ ಎಂದು ಒಮ್ಮೆ ಹುಡುಕಿದ್ದೇ ತಡ, ರೀಲ್ಸ್ ತುಂಬ ಮೂಗುಗಳೇ. ಮೊದಲು ಹೀಗಿದ್ದೆ, ಈಗ ಹೀಗಾದೆ ಎಂದು ನಗುವ ಹುಡುಗಿಯರು. ಇವಳು ಕನ್ನಡಿಯ ಮುಂದೆ ಹೊಳ್ಳೆಗಳನ್ನು ಬೆರಳಿನಿಂದ ಒತ್ತಿಹಿಡಿದು ನಿಲ್ಲುತ್ತಿದ್ದಳು. ವೈರಿಗೂ ಬೈಯಬಾರದ ಮಾತುಗಳನ್ನು ತನಗೇ ಬೈದುಕೊಳ್ಳುತ್ತಿದ್ದಳು. ನಾನು ಮಾಡಿದ್ದೇನು? ‘ನಿನ್ನನ್ನು ನೀನು ಪ್ರೀತಿಸು’ ಎಂಬ ಗುಲಾಬಿ ಹೂವಿನ ಚಿತ್ರ ಕಳಿಸಿದೆ. ಒಂದೇ ಮನೆಯಲ್ಲಿ, ಪಕ್ಕದ ಖೋಲಿಯಲ್ಲಿ ಕುಳಿತು. ಥೂ ನನ್ನ!

ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರಿಗೆ ಅವಳು ಅದೇ ಫೋಟೊ ಕಳಿಸಿದ್ದು ಗೊತ್ತಾಯಿತು. ಇದರಂತೆಯೇ ಮಾಡಿಕೊಡಿ ಎಂದು. ಊಟಕ್ಕೆ ಹೊತ್ತಾಯಿತೆಂದು ಅವಸರದಲ್ಲಿ ನಾನು ಮೌಸಿನಿಂದ ಎಳೆದ ಗೆರೆ ಅದು. ಅದನ್ನು ನೋಡಿಕೊಂಡು ಈಗ ಚಾಕು ಆಡಬೇಕಿತ್ತು. ಅವಳ ಖೋಲಿಗೆ ಓಡಿದೆ.

‘ಹುಚ್ಚಿ, ಅದು ಅಪ್ಪನ ಮೂಗು ಲೇ. ಕೊಯ್ಸಿ ಒಗಿತಿಯೇನ?’ ಎಂದೆ.

ಅವಳು ಸಿಟ್ಟಾಗಲಿಲ್ಲ. ‘ನೀ ಅಳಸೂಮುಂದ ಅದು ಅಪ್ಪನ ಮೂಗು ಇರಲಿಲ್ಲೇನಕ್ಕಾ?’

‘ಅದು ಫೋಟೊ. ಎಲ್ಲಾರದೂ ಹಂಗ ಮಾಡ್ತೀವಿ.’

‘ಎಲ್ಲಾರೂ ನಿನ್ನ ತಂಗ್ಯಾರೇನು? ನನ್ನ ಮೂಗು ಛಲೋ ಇಲ್ಲಂತ ಮದಲ ಹೇಳಿದಾಕಿ ನೀನ. ಬಾಯಿಲೆ ಹೇಳಲಿಲ್ಲ, ಅಷ್ಟ.’

ನಿನ್ನ ಮೂಗು ಚೆಂದ ಐತಿ ಎಂದೆ. ನನಗೇ ಅದು ಸುಳ್ಳಿನಂತೆ ಕೇಳಿಸಿತು. ಅವಳ ಮುಖ ನೋಡುತ್ತಿದ್ದ ನನ್ನ ಕಣ್ಣು ಆಗಲೂ ಆ ಉಬ್ಬಿನ ಮೇಲೆಯೇ ಇತ್ತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ದಿನ ಗೊತ್ತುಮಾಡಿ, ಜೊತೆಗೆ ಯಾರು ಬರುತ್ತಾರೆಂದು ಕೇಳಿದ್ದು ನನಗೂ ಕೇಳಿಸಿತು. ತಂಗಿ ನನ್ನನ್ನೇ ನೋಡುತ್ತ ಹೇಳಿದಳು:

‘ನಮ್ಮಕ್ಕ ಬರ್ತಾಳ್ರಿ. ಮೂಗು ಹೆಂಗ ಬೇಕಂತ ಆಕಿಗೇ ಗೊತ್ತೈತಿ.’